ಹಾಕದ ಸಹಿ

ಶೆಟ್ಟಿಕೊಪ್ಪದ ಅಡಿಕೆ ಹಾಳೆತಟ್ಟೆ ಕಾರ್ಖಾನೆಯನ್ನು ಮೂಕಾಂಬಿಕಾ ತನ್ನ ದೊಡ್ಡಪ್ಪನ ಮಗ ಹರಿಹರನ ಜೊತೆ ಸೇರಿ ಕಟ್ಟಿದ್ದಳು. ಹದಿನಾಲ್ಕು ವರ್ಷದಿಂದ ವ್ಯಾಪಾರದ ಓಡಾಟ ಅವನದು, ಯಂತ್ರ ಮತ್ತು ಕೆಲಸದವರ ಉಸ್ತುವಾರಿ ಅವಳದು. ಕಂಪನಿಗೆ ಇಬ್ಬರೇ ನಿರ್ದೇಶಕರು. ಯಾವ ಕಾಗದಕ್ಕೂ ಇಬ್ಬರ ಸಹಿಯೂ ಬೇಕಿತ್ತು. ಹೊಸ ಯಂತ್ರಗಳಿಗೆಂದು ಸಾಲ ತೆಗೆದ ವರ್ಷವೇ ಹೊರದೇಶದ ದೊಡ್ಡ ಗಿರಾಕಿಗಳಿಬ್ಬರು ಕೈಬಿಟ್ಟರು. ಕಂತುಗಳು ತಪ್ಪತೊಡಗಿದವು.

ಬ್ಯಾಂಕು ಕೊನೆಯದಾಗಿ ಒಂದು ದಾರಿ ತೋರಿಸಿತು. ಸಾಲದ ಒಂದು ಪಾಲನ್ನು ಒಟ್ಟಿಗೆ ಕಟ್ಟಿದರೆ ಉಳಿದದ್ದಕ್ಕೆ ಐದು ವರ್ಷದ ಅವಧಿ. ಆ ಒಪ್ಪಿಗೆ ಪತ್ರ ಹಿಡಿದು ಹರಿಹರ ಬಂದ.

"ಒಟ್ಟಿಗೆ ಕಟ್ಟೋ ದುಡ್ಡು ಎಲ್ಲಿಂದ ಬರ್ತದೆ ಹರಿ?"

"ಅದು ನಂಗೆ ಬಿಡು ಅಕ್ಕಾ. ನೀನು ಸಹಿ ಹಾಕು, ಸಾಕು."

"ಇಟ್ಟು ಹೋಗು. ಓದಿ ನೋಡ್ತೀನಿ."

ಮರುದಿನ ಗೋದಾಮಿನ ಯಜ್ಞೇಶ ಒಂದು ಸುದ್ದಿ ಹೇಳಿದ. "ಹರಿಹರಣ್ಣ ಕೊಪ್ಪದ ಹೋಟ್ಲಲ್ಲಿ ಮಂಗಳೂರಿನ ಪಾರ್ಟಿ ಜೊತೆ ಕೂತಿದ್ರು. ನನ್ನ ಕಂಡದ್ದೇ ಎಂತದೋ ಕಾಗದ ಮಡಚಿ ಇಟ್ಕೊಂಡ್ರು."

ಅವನು ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಮೂಕಾಂಬಿಕಾ ತಾನೇ ಸೇರಿಸಿಕೊಂಡಳು. ಕಾರ್ಖಾನೆಯನ್ನೇ ಯಾರಿಗೋ ಒಪ್ಪಿಸುವ ಹುನ್ನಾರ ಇದು, ತನ್ನ ಸಹಿ ಅದಕ್ಕೇ ಬೇಕಾಗಿದೆ ಎಂದು ನಂಬಿದಳು. ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ವಕೀಲರಿಗೆ ತೋರಿಸಬೇಕು ಎಂದಳು, ಆಮೇಲೆ ಮೈ ಹುಷಾರಿಲ್ಲ ಎಂದಳು. ಮೂರನೆಯ ಸಲ ಹರಿಹರ ಬಾಗಿಲಲ್ಲೇ ನಿಂತು, "ಅಕ್ಕಾ, ನಾಳೆ ಕೊನೇ ದಿನ" ಎಂದಾಗ, ತಟ್ಟೆಗಳ ಅಂಚು ನೋಡುತ್ತಿದ್ದವಳು ತಲೆಯನ್ನೂ ಎತ್ತದೆ "ಗೊತ್ತು" ಎಂದಳು.

ಸಹಿ ಬೀಳದೆ ಗಡುವು ಮುಗಿದಾಗ ಬ್ಯಾಂಕು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಹೋಯಿತು. ಕಂಪನಿಯನ್ನು ಕೊಳ್ಳುವವರಿಗಾಗಿ ತಿಂಗಳುಗಟ್ಟಲೆ ಕಾದರೂ ಯಾರೂ ಬರಲಿಲ್ಲ. ಆಗ ಬ್ಯಾಂಕು ಕಂಪನಿಯನ್ನು ಮುಚ್ಚಿ, ಇದ್ದಬದ್ದದ್ದನ್ನು ಮಾರಿ ಸಾಲ ತೀರಿಸಿಕೊಳ್ಳಲು ಅಪ್ಪಣೆ ಕೇಳಿತು. ಅರ್ಜಿಯ ಒಂದು ದಪ್ಪ ಪ್ರತಿ ಮೂಕಾಂಬಿಕಾಳ ಮನೆಗೂ ಬಂತು.

ಪುಟ ಮಗುಚುತ್ತಿದ್ದವಳ ಕೈ ಒಂದು ಕಡೆ ನಿಂತಿತು. ಹರಿಹರ ಬ್ಯಾಂಕಿಗೆ ಬರೆದ ಪತ್ರ ಅದು. ಮೆಣಸೆಯಲ್ಲಿರುವ ತನ್ನ ಪಾಲಿನ ತೋಟವನ್ನು ಮಂಗಳೂರಿನವರಿಗೆ ಮಾರಲು ಮಾತಾಗಿದೆ, ಆ ಹಣವನ್ನೇ ಕಂಪನಿಯ ಸಾಲಕ್ಕೆ ಕಟ್ಟುತ್ತೇನೆ ಎಂದಿತ್ತು. ಕೆಳಗೆ ಒಂದು ಸಾಲು: "ಈ ವಿಷಯ ನಮ್ಮ ಅಕ್ಕನಿಗೆ ತಿಳಿಸಬಾರದಾಗಿ ವಿನಂತಿ. ತಿಳಿದರೆ ಅವರು ಸಹಿ ಹಾಕಲು ಒಪ್ಪುವುದಿಲ್ಲ."

ಅವಳು ಉಟ್ಟ ಸೀರೆಯಲ್ಲೇ ಕೊಪ್ಪಕ್ಕೆ ಬಸ್ಸು ಹತ್ತಿದಳು. ಬ್ಯಾಂಕಿನ ಮ್ಯಾನೇಜರ್ ಅವಳನ್ನು ಕೂರಿಸಿ ನೀರು ಕೊಡಿಸಿದರು.

"ಈಗ ಸಹಿ ಹಾಕ್ತೀನಿ ಸಾರ್. ಎಲ್ಲಿ ಬೇಕಾದ್ರೂ ಹಾಕ್ತೀನಿ."

"ಆ ಗಡುವು ಮುಗಿದು ವರ್ಷದ ಮೇಲಾಯ್ತು ಅಮ್ಮಾ. ಫೈಲು ಈಗ ನಮ್ಮ ಕೈಲಿಲ್ಲ."

ಅಲ್ಲಿಂದ ಮೆಣಸೆಗೆ ಹೋದಳು. ಹರಿಹರ ಜಗಲಿಯಲ್ಲಿದ್ದ. ಅವಳು ಮೆಟ್ಟಿಲ ಬಳಿಯೇ ನಿಂತು ಕೇಳಿದಳು.

"ನೀ ಯಾಕೆ ಹೇಳ್ಲಿಲ್ಲ ಹರಿ?"

"ನೀ ಯಾಕೆ ಕೇಳ್ಲಿಲ್ಲ ಅಕ್ಕಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಯಜ್ಞೇಶ ಹೇಳಿದ್ದು, ತಾನು ಕಲ್ಪಿಸಿಕೊಂಡದ್ದು ಎಲ್ಲವನ್ನೂ ಹೇಳಿ ಅತ್ತಳು.

"ತೋಟ ಹೆಂಗೂ ಹೋಗ್ತದೆ. ಸಾಲಕ್ಕೆ ನಾವಿಬ್ರೂ ಜಾಮೀನು ತಾನೆ. ಆದ್ರೆ ಆಗಲೇ ಮಾರಿ ಕಟ್ಟಿದ್ರೆ ಕಾರ್ಖಾನೆ ಉಳೀತಿತ್ತು," ಎಂದ ಹರಿಹರ. "ನಾನು ಮೋಸ ಮಾಡ್ತೀನಿ ಅಂತ ನಿಂಗೆ ಅನ್ಸಿತಲ್ಲ, ಅದೊಂದೇ ನಂಗೆ ಸಹಿಸೋಕಾಗದ್ದು ಮಾರಾಯ್ತಿ."

ಅವನ ಹೆಂಡತಿ ಅರ್ಪಣಾ ಕಾಫಿ ತಂದಿಟ್ಟು ಒಳಗೆ ಹೋದಳು.

ಮುಚ್ಚುವ ಆದೇಶ ಮುಂದಿನ ತಿಂಗಳೇ ಬಂತು. ಕಾರ್ಖಾನೆಗೆ ಬೀಗಮುದ್ರೆ ಹಾಕಲು ಅಧಿಕಾರಿ ಬಂದ ದಿನ ಕೆಲಸದ ಹೆಂಗಸರೆಲ್ಲ ಗೇಟಿನ ಬಳಿ ನಿಂತಿದ್ದರು. ವಿದೇಶದವರು ಕೈಕೊಟ್ಟರು, ಬ್ಯಾಂಕಿನವರು ಕರುಣೆಯಿಲ್ಲದವರು ಎಂದು ಅವರು ಮಾತಾಡಿಕೊಳ್ಳುತ್ತಿದ್ದರು. ಹರಿಹರ ಅಕ್ಕನ ಪಕ್ಕದಲ್ಲೇ ಇದ್ದ. ಅವನು ಯಾರಿಗೂ ಏನೂ ಹೇಳಿರಲಿಲ್ಲ.

ಮೂಕಾಂಬಿಕಾ ಮುಂದೆ ಹೋಗಿ ನಿಂತಳು. "ಬ್ಯಾಂಕಿನವ್ರು ದಾರಿ ಕೊಟ್ಟಿದ್ರು. ಹರಿ ದುಡ್ಡೂ ಹೊಂದಿಸಿದ್ದ. ಸಹಿ ಹಾಕದೆ ಇದ್ದೋಳು ನಾನು," ಎಂದಳು.

ಯಾರೂ ಬಯ್ಯಲಿಲ್ಲ. ಹತ್ತು ವರ್ಷದಿಂದ ಅವಳ ಜೊತೆ ದುಡಿದ ನೀಲಾಂಬಿಕೆ ಒಂದು ಗಳಿಗೆ ಅವಳ ಮುಖ ನೋಡಿ, ಊಟದ ಡಬ್ಬಿ ಕಂಕುಳಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಉಳಿದವರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು.