ಸರ್ವರಿನೊಳಗೆ ಮುತ್ಯಾನ ಹಿಂಡು

ಉಣ್ಣೆಯ ಗಂಟು ಗಾಳಿಯಲ್ಲೇ ನಿಂತುಬಿಟ್ಟಿದೆ, ಕತ್ತರಿಸುವ ಮಷಿನ್ನಿನ ಬಾಯಿಂದ ಹೊರಬಿದ್ದದ್ದು ಕೆಳಗಿನ ಬೆಲ್ಟಿಗೆ ಇಳಿಯಬೇಕು, ಇಳಿಯುತ್ತಿಲ್ಲ, ಇಳಿ ನಮ್ಮವ್ವ ಇಳಿ — ಹಾಂ ಇಳಿಯಿತು, ಅಯ್ಯ, ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು, ಒಂದೇ ಗಂಟು ಎರಡು ಸಲ ಬಿದ್ದದ್ದನ್ನು ಕಣ್ಣಾರೆ ಕಂಡೆ, ಪರದೆಯ ಮೂಲೆಯಲ್ಲಿ ಕೆಂಪು ನಾಲ್ಕು, ಆಟದ ಲೋಕ ಸೆಕೆಂಡಿಗೆ ಇಪ್ಪತ್ತು ಸಲ ಮಿಡಿಯಬೇಕು, ನಾಲ್ಕೇ ಸಲ ಮಿಡಿಯುತ್ತಿದೆ, ಮನುಷ್ಯರಾಗಿದ್ದರೆ ಇಷ್ಟು ಹೊತ್ತಿಗೆ ಜತ್ತಿನ ದವಾಖಾನೆಗೆ ಒಯ್ದಿರುತ್ತಿದ್ದರು. ಭಾನುವಾರ, ಶಟರ್ ಅರ್ಧ ಎಳೆದಿದ್ದೇನೆ, ಆದರೂ ಒಬ್ಬ ಬಗ್ಗಿ ನೋಡಿ ಉತ್ಪನ್ನದ ದಾಖಲಾ ತೆಗೀತೀರೇನ್ರಿ, ಆದಾಯದ ಸರ್ಟಿಫಿಕೇಟು ಬೇಕಾಗಿತ್ರಿ ಅಂತಾನೆ, ನಾಳಿಗಿ ಬರ್ರಿ ಕಾಕಾ, ಇವತ್ತ ಸರ್ವರ್ ಡೌನ್ ಐತ್ರಿ ಅಂದೆ, ಪಾಪ, ಸರ್ಕಾರದ್ದು ಅಂದುಕೊಂಡು ಹೋದ. ಡೌನ್ ಆದದ್ದು ನನ್ನದು, ನನ್ನ ಝೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿನೊಳಗೆ ಹಗಲೂ ರಾತ್ರಿ ನಡೆಯುವ ಲೋಕ, ದರಿಬಡಚಿಯ ಮನಿಷಾಳ ಸರ್ವರ್, ಒಂಬತ್ತು ಮಂದಿ ಆಡುವವರು, ಒಂಬತ್ತರಲ್ಲಿ ಒಬ್ಬರಿಗೆ ಎಪ್ಪತ್ನಾಲ್ಕು ವರ್ಷ, ಆ ಒಬ್ಬರು ನನ್ನ ಅಜ್ಜ, ಪಕ್ಕದ ಕುರ್ಚಿಯಲ್ಲೇ ಕೂತು ಎರಡನೇ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ, ಕುರಿ ತೂಕಡಸಾಕತ್ತಾವ ಮನಿಷಾ, ರೋಗ ಬಂದೈತಿ, ಅನ್ನುತ್ತಿದ್ದಾರೆ. ರೋಗ ಅಲ್ಲ ಮುತ್ಯಾ, ಲ್ಯಾಗ್. ಹೆಸರ ಏನರ ಇರ್ಲಿ, ಔಷಧ ಐತಿಲ್ಲೋ ಅದನ್ನ ಹೇಳ.

ಔಷಧ ಇದೆ ಅನ್ನುತ್ತಾಳೆ ಸ್ನೇಹಲ, ಡಫಳಾಪುರದವಳು, ನನ್ನ ಜೊತೆ ಕಾಲೇಜಿನಲ್ಲಿ ಕೂತವಳು, ಈ ಲೋಕದ ಅರ್ಧ ಕಾರ್ಖಾನೆ ಕಟ್ಟಿದವಳು, ಕಬ್ಬಿಣ ಕರಗಿಸುವುದು, ಗಾಜು ಮಾಡುವುದು, ಬಂದದ್ದನ್ನೆಲ್ಲ ಬಣ್ಣ ನೋಡಿ ಬೇರೆ ಬೇರೆ ಪೆಟ್ಟಿಗೆಗೆ ಹಾಕುವುದು, ಎಲ್ಲ ತಾನೇ ತಾನಾಗಿ, ಮುಟ್ಟುವ ಹಾಗೇ ಇಲ್ಲ. ಅವಳ ಔಷಧ ಒಂದು ಸಾಲಿನದು. ಅಗ ಮನಿಷಾ, ಹನ್ನೆರಡರ ತನಕ ನೋಡ, ಆಗಲಿಲ್ಲಂದ್ರ ಕುರಿ ಅಳಿಸಿಬಿಡ, ಒಂದ ಸಾಲ ಬರದ್ರ ಮುಗೀತು, ಗ್ರೂಪಿನಾಗ ಎಲ್ಲಾರೂ ಹೂಂ ಅಂದಾರ. ಎಲ್ಲರೂ ಅಂದರೆ ಆರು ಮಂದಿ. ನಾನು ಏನೂ ಅಂದಿಲ್ಲ, ಮುತ್ಯಾನಿಗೆ ಗ್ರೂಪ್ ಓದಲು ಬರುವುದಿಲ್ಲ, ಮಹಾಂತ ಅಣ್ಣ ಮಿರಜದ ಆಚೆ ಕಬ್ಬು ಕಡಿದ ಹೊಲದಲ್ಲಿ ನಮ್ಮ ನಿಜವಾದ ಹಿಂಡು ಕೂಡಿಸಿಕೊಂಡು ಸಿಗ್ನಲ್ ಹುಡುಕುತ್ತಿದ್ದಾನೆ. ಅಳಿಸುವುದಂತೆ! ಎರಡೂ ಮೊಣಕಾಲು ಕೈಕೊಟ್ಟ ಮೇಲೆ ಹಿಂಡಿನ ಹಿಂದೆ ಹೋಗಲಾಗದೆ ಅಮಸಿದ್ದ ಮುತ್ಯಾ ಎರಡು ವರ್ಷ ಹೊರಸಿನ ಮೇಲೆ ಗೋಡೆ ನೋಡುತ್ತ ಮಲಗಿದ್ದವರು, ಊಟ ಬೇಡ, ಮಾತು ಬೇಡ, ಒಂದು ದಿನ ಬೇಜಾರಾಗಿ ಎಳೆದು ತಂದು ಇಲ್ಲಿ ಕೂಡಿಸಿದೆ, ನಡೆಯುವ ನಾಲ್ಕು ಗುಂಡಿಗೆ ನನ್ನ ನೇಲ್ ಪಾಲಿಶ್ ಹಚ್ಚಿ ಇದು ಮುಂದ, ಇದು ಹಿಂದ ಅಂದೆ, ಪರದೆಯಲ್ಲಿ ಎರಡು ಕುರಿ ಕಂಡವು ನೋಡು, ಆ ಮುಖ! ಅವತ್ತಿನಿಂದ ಮುತ್ಯಾ ನನಗಿಂತ ಮೊದಲು ಅಂಗಡಿಯ ಬಾಗಿಲಲ್ಲಿ, ಕೋಲು ಊರಿಕೊಂಡು, ಲಗೂನ ತಗಿ, ಕುರಿ ಹಸಿದಾವ. ಆ ಕುರಿಗಳನ್ನು ನಾನು ಅಳಿಸಲೇ, ನನ್ನ ಕೈ ಮುರಿದುಹೋಗಲಿ.

ಹನ್ನೊಂದೂ ಕಾಲು. ಒಂದೊಂದೇ ನಿಲ್ಲಿಸಿ ನೋಡುವುದು, ಮೊದಲ ಅನುಮಾನ ಸ್ನೇಹಲಳ ಮೇಲೆಯೇ, ಬಣ್ಣ ನೋಡುವ ಅವಳ ಪೆಟ್ಟಿಗೆಗಳು, ನೂರ ನಲವತ್ತು, ಒಂದೊಂದೂ ಮಿಡಿತಕ್ಕೊಮ್ಮೆ ನನ್ನ ಪಾಲಿಗೆ ಏನು ಬಂತು ಅಂತ ಇಣುಕುತ್ತದೆ, ನಿಲ್ಲಿಸಿದೆ, ಐದು. ಬರೇ ಒಂದು ಏರಿತು. ಅವಳು ಕೂಡಲೇ ಬರೆದಳು, ನನ್ನ ಪೆಟಗಿ ಯಾಕ ನಿಂತು, ಕುರಿ ಬಿಟ್ಟು ನನ್ನ ಮ್ಯಾಲ ಯಾಕ ಸಂಶಯ, ಅಯ್ಯ ಸುಮ್ಮನಿರೇ ತಾಯಿ. ಪೆಟ್ಟಿಗೆ ಮತ್ತೆ ಚಾಲೂ ಮಾಡಿ ಕುಲುಮೆ ನಿಲ್ಲಿಸಿದೆ, ಐದು, ಅದನ್ನೂ ಮತ್ತೆ ಹೊತ್ತಿಸಿದೆ. ಬೆಲ್ಟಿನ ಕೊನೆಯ ಪೆಟ್ಟಿಗೆ ತುಂಬಿ ಉಣ್ಣೆ ನೆಲದ ಮೇಲೆ ಚೆಲ್ಲಿದೆಯೇನೋ, ಚೆಲ್ಲಿದ ಒಂದೊಂದು ಗಂಟನ್ನೂ ಈ ಬಡ ಕಂಪ್ಯೂಟರ್ ನೆನಪಿಟ್ಟುಕೊಳ್ಳಬೇಕಲ್ಲ, ಹೋಗಿ ನೋಡಿದೆ, ಹೌದು, ಗುಡ್ಡೆ ಬಿದ್ದಿದೆ, ಬಿಳೀ ಗುಡ್ಡೆ, ಗುಡಿಸಿದೆ, ಆರು, ಹೋ ಹೋ ಆರು! ಮುತ್ಯಾ, ಆರು! ಮತ್ತೆ ನಾಲ್ಕು. ಸುಡುಗಾಡು. ಮುತ್ಯಾ ನನ್ನ ಕಡೆ ತಿರುಗಿಯೂ ನೋಡದೆ, ಯವ್ವಾ, ನೀ ಊರೆಲ್ಲಾ ತಿರಗಾಕತ್ತಿ, ಕುರಿಗಿ ಬ್ಯಾನಿ ಬಂದ್ರ ಮೊದಲ ದೊಡ್ಡಿ ಹೊಕ್ಕು ನೋಡಬೇಕ, ಹೊರಗ ನಿಂತು ಮಾರಿ ನೋಡಿದ್ರ ಗೊತ್ತಾಗೂದಿಲ್ಲ, ನಡುವ ಹೋಗಿ ಮಣಕಾಲಿಗಿ ಮಣಕಾಲ ಹಚ್ಚಿ ನಿಂದ್ರಬೇಕ. ಆಟದಲ್ಲಿ ಮೊಣಕಾಲೇ ಇಲ್ಲ ಮುತ್ಯಾ ಅಂದೆ. ಅದಕ್ಕ ನನಗ ಚಲೋ ಅನಸ್ತೈತಿ, ಅಂದರು, ನಕ್ಕರು, ನಾನೂ ನಕ್ಕೆ, ಹನ್ನೊಂದೂವರೆ ಆಗಿದ್ದರೂ ನಕ್ಕೆ.

ದೊಡ್ಡಿಯ ಬಾಗಿಲು ಮುಟ್ಟಿದರೆ ಪರದೆಯಲ್ಲಿ ನಾನಾಗಿ ನಡೆಯುವ ಗೊಂಬೆ ಒಳಗೆ ಹೋಗುತ್ತಿಲ್ಲ, ಕಾಲಿಡಲು ಜಾಗವಿಲ್ಲ, ಕುರಿಯ ಮೇಲೆ ಕುರಿ, ಕುರಿಯೊಳಗೆ ಕುರಿ, ಒಂದೇ ಚೌಕದಲ್ಲಿ ಹತ್ತು ಮುಖ, ಗೋಡೆಯ ಆಚೆ ನಾನು ನೋಡಿಯೇ ಇರದ ಹಿಂಬದಿಯಲ್ಲಿ ಬರೀ ಬೆನ್ನು, ಅವ್ವಾ, ಎಷ್ಟಾದವು ಇವು, ಬಾಗಿಲ ಮೇಲೊಂದು ಎಣಿಕೆಯ ಫಲಕ ಇತ್ತಲ್ಲ, ಇತ್ತು, ನಾನೇ ಆರಿಸಿದ್ದೆ, ಕುರಿ ಎಣಿಸಬಾರದು, ಕಣ್ಣು ಬೀಳುತ್ತದೆ, ನಮ್ಮ ಮನೆಯಲ್ಲಿ ಯಾರೂ ಎಣಿಸುವುದಿಲ್ಲ, ಮುತ್ಯಾ ಮುಖ ನೋಡಿಯೇ ಯಾವುದು ಬಂದಿಲ್ಲ ಅಂತ ಹೇಳುವವರು, ಫಲಕ ಹೊತ್ತಿಸಿದ ದಿನ, ಅದನ್ನ ಮುಚ್ಚ ಮೊದಲ ಅಂತ ಬೈದಿದ್ದರು, ಮುಚ್ಚಿದ್ದೆ. ಈಗ ಅವರ ಕಣ್ಣು ತಪ್ಪಿಸಿ ಹೊತ್ತಿಸಿದೆ. ಒಂಬೈನೂರ ಹನ್ನೆರಡು. ಬಾಯಿಬಿಟ್ಟು ಹೇಳಲಿಲ್ಲ, ಕೂಡಲೇ ಆರಿಸಿದೆ. ಆಟದಲ್ಲಿ ಯಾರೂ ಹತ್ತಿರ ಇಲ್ಲದ ಜಾಗ ನಿದ್ದೆ ಹೋಗುತ್ತದೆ, ಅಲ್ಲಿ ಏನೂ ಮೇಯುವುದಿಲ್ಲ, ಏನೂ ಹುಟ್ಟುವುದಿಲ್ಲ, ಕಂಪ್ಯೂಟರಿಗೆ ಭಾರವೂ ಇಲ್ಲ, ಹಾಗಿದ್ದ ಮೇಲೆ ರಾತ್ರಿಯೆಲ್ಲ ಈ ದೊಡ್ಡಿಯಲ್ಲಿ ಮರಿ ಹುಟ್ಟಿಸಿದವರು ಯಾರು — ಮೂಲೆಯಲ್ಲಿ ನೀಲಿ ಕಲ್ಲು ಮಿನುಗುತ್ತಿದೆ. ಅಯ್ಯೋ ನನ್ನ ಬುದ್ಧಿಯೇ. ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ. ಎಚ್ಚರದ ಕಲ್ಲು, ಅದು ಇದ್ದಲ್ಲಿ ಜಾಗ ಮಲಗುವುದೇ ಇಲ್ಲ, ಹಗಲೂ ರಾತ್ರಿ ಮೇವಿನ ಮಷಿನ್ ತಿರುಗುತ್ತದೆ, ತಿಂದ ಕುರಿ ಮರಿ ಹಾಕುತ್ತದೆ, ಇಟ್ಟವಳು ನಾನೇ, ದಸರಾ ಮುಗಿದ ವಾರ, ಅಂಗಡಿ ಮುಚ್ಚುವಾಗ ಮುತ್ಯಾ ಏಳಲೊಲ್ಲರು, ಇದನ್ನ ಬಂದ್ ಮಾಡಿದ ಮ್ಯಾಲ ಕುರಿ ಯಾರ ಕಾಯ್ತಾರ, ಹಿಂಡ ಒಂಟಿ ಬಿಟ್ಟು ಮನಿಗಿ ಹೋದಂವ ಕುರುಬಾ ಅಲ್ಲ, ಅಂತ ಹಟ ಹಿಡಿದರು, ಅವರ ಸಮಾಧಾನಕ್ಕೆ ಕಾವಲಿಗೆ ಅಂತ ಆ ಕಲ್ಲು ಇಟ್ಟೆ, ಇದು ಮಲಗೂದಿಲ್ಲ ಮುತ್ಯಾ, ನಿನ್ನಕಿಂತ ಜಾಣ ಕಾವಲುಗಾರ ಅಂದೆ, ನಂಬಿ ಎದ್ದರು. ಸ್ನೇಹಲಳ ಮೇಲೆ ಸಂಶಯಪಟ್ಟೆ, ಅವಳ ಕಾಲಿಗೆ ಬೀಳಬೇಕು ಈಗ.

ಕಲ್ಲು ಕಿತ್ತೆ, ಮೇವಿನ ಮಷಿನ್ ನಿಲ್ಲಿಸಿದೆ, ಇನ್ನು ಹೊಸ ಮರಿ ಹುಟ್ಟುವುದಿಲ್ಲ, ಆದರೆ ಇದ್ದವು ಇದ್ದಾವಲ್ಲ, ದೊಡ್ಡಿ ಕಾರ್ಖಾನೆಗೆ ಅಂಟಿಕೊಂಡೇ ಇದೆ, ಹಗಲೆಲ್ಲ ಯಾರಾದರೂ ಒಬ್ಬರು ಆಡುತ್ತಲೇ ಇರುತ್ತಾರೆ, ಎಲ್ಲ ಕುರಿಯೂ ಎಚ್ಚರ, ಮೂಲೆಯಲ್ಲಿ ಅದೇ ನಾಲ್ಕು. ಹನ್ನೆರಡಕ್ಕೆ ಹದಿನೆಂಟು ನಿಮಿಷ. ಅಳಿಸುವ ಸಾಲು ಬರೆದು ನೋಡಿದೆ, ಸುಮ್ಮನೆ, ಎಷ್ಟು ಉದ್ದ ಇರುತ್ತದೆ ಅಂತ, ಭಾಳ ಸಣ್ಣದು, ಬೆರಳು ಎಂಟರಿನ ದೊಡ್ಡ ಗುಂಡಿಯ ಮೇಲೆ, ಅದೇನ ಬರದಿ, ಅಂದರು ಮುತ್ಯಾ, ಓದಲು ಬಾರದವರಿಗೆ ಎಲ್ಲ ಗೊತ್ತಾಗುತ್ತದೆ. ಸುಳ್ಳು ಹೇಳಲಾಗಲಿಲ್ಲ. ಕುರಿ ಭಾಳ ಆಗ್ಯಾವ ಮುತ್ಯಾ, ತಪ್ಪು ನಂದ, ಎಲ್ಲಾ ಅಳಸಂತ ಹೇಳ್ಯಾರ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ನಾ ನೂರಾರು ಕುರಿ ಸಂತ್ಯಾಗ ಮಾರೇನಿ, ಕಟುಗರಿಗೂ ಕೊಟ್ಟೇನಿ, ಹೊಟ್ಟಿಗಿ ಮಾರೂದು ಬ್ಯಾರೆ, ಯಾರ ತಿನ್ನದ ಯಾರ ಹೊದಿಯದ ಸುಮ್ಮನ ಒರಸೂದು ಬ್ಯಾರೆ, ಹಿಂಡ ದೊಡ್ಡದಾತು ಅಂದ್ರ ಏನ್ ಮಾಡ್ತಾರ ನಿನಗ ಗೊತ್ತಿಲ್ಲೇನ, ಯಾರ ಮಗಳ ನೀ, ದೊಡ್ಡಿ ಬಾಗಲಾ ತಗಿ, ಮೇವಿದ್ದ ಕಡಿ ಹೊಂಡೂನು. ಹೊಂಡೂನು ಅಂದರು! ಮೊಣಕಾಲಿಲ್ಲದ ಮನುಷ್ಯ! ಕುರ್ಚಿ ಮುಂದೆ ಎಳೆದುಕೊಂಡು ನೇಲ್ ಪಾಲಿಶ್ ಹಚ್ಚಿದ ಗುಂಡಿಗಳ ಮೇಲೆ ಬೆರಳಿಟ್ಟೇಬಿಟ್ಟರು. ನನ್ನ ತಲೆಯಲ್ಲಿ ಆಗ ಬೆಳಕು ಬಿತ್ತು, ದೂರ ಒಯ್ದರೆ, ಯಾರೂ ಹೋಗದಷ್ಟು ದೂರ ಒಯ್ದು ಬಿಟ್ಟು ಬಂದರೆ ಆ ಜಾಗ ಮಲಗುತ್ತದೆ, ಕುರಿಗಳೂ ಮಲಗುತ್ತವೆ, ಸಾಯುವುದಿಲ್ಲ, ಮುದಿಯಾಗುವುದಿಲ್ಲ, ಹಸಿಯುವುದಿಲ್ಲ, ಒಂದು ಸಾಲೂ ಬರೆಯಬೇಕಿಲ್ಲ.

ಸ್ನೇಹಲಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ, ನಿನ್ನ ಪೆಟಗಿದ ಏನೂ ದೋಷ ಇಲ್ಲವ್ವಾ, ಕಲ್ಲ ಇಟ್ಟಾಕಿ ನಾನ, ಅರ್ಧ ತಾಸು ಕೊಡ. ಅವಳು ಕೇಳಿದಳು, ಅಜ್ಜಾ ತಾವ ಹೊಡಕೊಂಡ ಹೊಂಟಾರ? ಹೂಂ. ಥಾಂಬ, ತಡಿ ಅಂದಳು, ನೋಡನೋಡುತ್ತ ಬೆಲ್ಟು ನಿಂತವು, ಕುಲುಮೆ ಆರಿತು, ಮುಟ್ಟಗೊಡದ ಹುಡುಗಿ ತನ್ನ ಇಡೀ ಕಾರ್ಖಾನೆಯನ್ನು ಕತ್ತಲು ಮಾಡಿದಳು, ಮೂಲೆಯಲ್ಲಿ ಏಳು, ಏಳರಲ್ಲಿ ನಡೆಯಬಹುದು, ಎಡವುತ್ತಾ ನಡೆಯಬಹುದು. ಅಷ್ಟರಲ್ಲಿ ಸಿಗ್ನಲ್ ಸಿಕ್ಕು ಮಹಾಂತ ಅಣ್ಣ ಆಟದೊಳಗೆ ಬಂದ, ಅವನ ಫೋನಿನಲ್ಲೂ ಆಟ ನಡೆಯುವ ಹಾಗೆ ಸ್ನೇಹಲ ಏನೇನೋ ಹಾಕಿಕೊಟ್ಟಿದ್ದಾಳೆ, ಸ್ಪೀಕರಿನಲ್ಲಿ ಅವನ ಸುತ್ತಲಿನ ನಿಜವಾದ ಕುರಿಗಳು ಬ್ಯಾ ಅನ್ನುತ್ತಿವೆ, ಮುತ್ಯಾ, ನಾ ಹಿಂದ ಇರ್ತೀನಿ, ನೀ ಮುಂದ ನಡಿ. ನಡೆದರು. ಗೋಧಿ ತೆನೆ ಹಿಡಿದರೆ ಈ ಕುರಿಗಳು ಬೆನ್ನು ಬೀಳುತ್ತವೆ, ಮುತ್ಯಾನ ಗೊಂಬೆ ತೆನೆ ಹಿಡಿದು ಮುಂದೆ, ತಲೆಯ ಮೇಲೆ ಕೆಂಪು ರುಮಾಲು, ಹಿಂದೆ ಬಾಗಿಲಿಂದ ಉಕ್ಕುವ ಹಿಂಡು, ಹಾಲು ಉಕ್ಕಿದ ಹಾಗೆ, ಹಳ್ಳ ದಾಟಿ, ದಿಬ್ಬ ಏರಿ, ಮುತ್ಯಾ ಬಾಯಿಂದ ಹುರ್ರ್ ಹಾ ಹುರ್ರ್ ಹಾ, ಅಂಗಡಿಯೆಲ್ಲ ಕೇಳುವ ಹಾಗೆ, ಆ ಕಡೆ ಮಿರಜದಿಂದಲೂ ಹುರ್ರ್ ಹಾ, ಅಣ್ಣ ಆಟದವಕ್ಕೆ ಹೇಳಿದರೆ ಅವನ ಪಕ್ಕದ ನಿಜದವು ಎದ್ದು ಹೊರಟವಂತೆ, ಏ ನಿಂದರ್ರೋ ನಿಮಗಲ್ಲ ಅಂತ ಬೈಯುತ್ತಿದ್ದಾನೆ, ಸ್ನೇಹಲ ಫೋನಿನಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದಾಳೆ, ಶಟರಿನ ಕೆಳಗೆ ನಾಲ್ಕು ಮುಖ ಬಗ್ಗಿ ನೋಡುತ್ತಿವೆ, ನೋಡಲಿ. ಎಂಟು ನೂರು ಹೆಜ್ಜೆ, ಸಾವಿರ, ಒಂದು ಮರಿ ಹಳ್ಳದಲ್ಲಿ ಉಳಿಯಿತು, ನನಗೆ ಕಾಣಲಿಲ್ಲ, ಕಂದ ಕಿವೀದು ಬರಲಿಲ್ಲ ನೋಡ ಮಹಾಂತ, ಅಂದರು, ಒಂಬೈನೂರರಲ್ಲಿ ಒಂದು, ಅಣ್ಣ ಹೋಗಿ ಕರೆತಂದ, ಕಂದು ಕಿವಿಯೇ.

ದಿಬ್ಬದಾಚೆ ಹಸಿರು ಬಯಲು, ಯಾರೂ ಕಟ್ಟಿಲ್ಲ, ಯಾರೂ ಅಗೆದಿಲ್ಲ. ಹನ್ನೆರಡು ದಾಟಿ ಹತ್ತು ನಿಮಿಷ, ಯಾರೂ ಕೇಳಲಿಲ್ಲ. ಅಣ್ಣನ ಗೊಂಬೆ ಕಾರ್ಖಾನೆಗೆ ಮರಳಿತು, ನನ್ನದು ಅಲ್ಲಿಂದ ಹೊರಟೇ ಇಲ್ಲ. ಇನ್ನ ಬಿಟ್ಟು ಬಾ ಮುತ್ಯಾ, ಅಂದೆ, ಹೇಳುವಾಗಲೇ ಗೊತ್ತಾಯಿತು ಏನು ಹೇಳಿದೆ ಅಂತ. ಮುತ್ಯಾನ ಬೆರಳು ಗುಂಡಿಯ ಮೇಲೇ ನಿಂತಿತು. ಒಂಟಿ ಬಿಟ್ಟ? ನೀ ಅಲ್ಲಿದ್ರ ಅವು ಎಚ್ಚರ ಇರ್ತಾವ ಮುತ್ಯಾ, ಮತ್ತ ಎಲ್ಲಾ ತೂಕಡಸ್ತೈತಿ, ನೀ ಇತ್ಲಾಗ ಬಂದ್ರ ಮಲಗ್ತಾವ, ನೀ ಮತ್ತ ಅಲ್ಲಿ ಹೋದಾಗ ಏಳ್ತಾವ, ನಡುವ ಅವಕ್ಕ ಒಂದ ಗಳಿಗಿನೂ ಆಗಿರೂದಿಲ್ಲ, ತೋಳ ಬರೂದಿಲ್ಲ. ಬಿಡಿಸಿ ಬಿಡಿಸಿ ಹೇಳಿದೆ. ಕೇಳಿದರು, ತಲೆಯಾಡಿಸಿದರು, ಕಾರ್ಖಾನೆಯ ಕಡೆ ಒಂದು ಹೆಜ್ಜೆ ಹಾಕಿದರು, ನಿಂತರು, ಮತ್ತೆ ಹಿಂತಿರುಗಿದರು, ಆಗಲಿಲ್ಲ ಇವರಿಂದ, ಆಗುವುದಿಲ್ಲ, ಆಮೇಲೆ ಹಿಂಡಿನ ನಟ್ಟನಡುವೆ ಹೋಗಿ ನಿಂತು ಕೇಳಿದರು, ನಾ ಇಲ್ಲೆ ನಿಂತ ಇದನ್ನ ಬಂದ್ ಮಾಡಿದ್ರ ನಾಳಿಗಿ ಎಲ್ಲಿ ಏಳ್ತೀನಿ? ಅಲ್ಲೇ ಮುತ್ಯಾ, ನಿಂತಲ್ಲೇ. ಕುರಿ? ಅವೂ ಅಲ್ಲೇ, ನಿನ್ನ ಜೊತಿನ ಏಳ್ತಾವ. ಅಯ್ಯ ಹುಚ್ಚಿ, ಮತ್ತ ಬಿಟ್ಟ ಬಾ ಯಾಕಂತಿ, ನಾನೂ ಇಲ್ಲೇ ಮಲಗ್ತೀನಲ್ಲ, ಕೂಡಿ ಮಲಗೂದು ಕೂಡಿ ಏಳೂದು, ಅಂದರು. ಕಂಪ್ಯೂಟರ್ ಕಲಿತವಳು ನಾನು, ಸರ್ವರ್ ನನ್ನದು, ಸ್ನೇಹಲ ಇಂಜಿನಿಯರಿಂಗ್ ಓದಿದವಳು, ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬಿಳಿ ಬೆನ್ನುಗಳ ನಡುವೆ ಕೆಂಪು ರುಮಾಲು, ಮುತ್ಯಾ ಆಟ ಬಂದ್ ಮಾಡುವ ಗುಂಡಿ ಒತ್ತಿದರು, ರುಮಾಲು ಹೋಯಿತು, ನಾನು ಮೂಲೆ ನೋಡಿದೆ, ಒಂಬತ್ತು, ಹದಿಮೂರು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು! ಸ್ನೇಹಲ ಕಿರುಚುತ್ತಿದ್ದಾಳೆ, ಅವಳು ಮತ್ತೆ ಚಾಲೂ ಮಾಡಿದ ಬೆಲ್ಟುಗಳು ಸರ್ರನೆ ಹರಿಯುತ್ತಿವೆ, ಅಣ್ಣ ಆ ಕಡೆಯಿಂದ ಏನೋ ಹಾಡುತ್ತಿದ್ದಾನೆ, ಮುತ್ಯಾ ಕೋಲು ಹುಡುಕುತ್ತಾ ಹಸಿವಾಗೇತಿ ನಡಿ ಅನ್ನುತ್ತಿದ್ದಾರೆ, ಏಳಬೇಕು, ಶಟರ್ ಎಳೆಯಬೇಕು, ಕಣ್ಣು ಒರೆಸಿಕೊಳ್ಳಬೇಕು, ಏಳುತ್ತಿಲ್ಲ ನಾನು, ಕಣ್ಣಲ್ಲಿ ಇನ್ನೂ ಅದೇ, ಬಿಳಿ ಬೆನ್ನುಗಳ ನಡುವೆ, ಯಾರೂ ನೋಡದ ಬಯಲಿನಲ್ಲಿ, ಕೆಂಪು ರುಮಾಲು, ಮುಖ ಕುರಿಗಳ ಕಡೆಗೆ, ಕೆಂಪು ರುಮಾಲು