ಚೀಲ ಹೊಲಿಯುವ ಮುನ್ನ

ಕೈ ತೊಳೆಯುವ ಕೆಲಸ ಮಾತಿಲ್ಲದೆ ನಡೆದಿತ್ತು. ಕೃಷಿ ಇಲಾಖೆಯ ಬೀಜದ ತೋಟದ ನಲ್ಲಿಯ ಸುತ್ತ ಹೆಂಗಸರು ಕುಕ್ಕರಗಾಲಲ್ಲಿ ಕೂತು ಇಟ್ಟಿಗೆ ಚೂರಿನಿಂದ ಅಂಗೈ ಉಜ್ಜುತ್ತಿದ್ದರು. ಬಿತ್ತನೆ ಬೀಜಕ್ಕೆ ಹುಳ ಬೀಳದಂತೆ ಸವರುವ ಔಷಧಿಯ ಗುಲಾಬಿ ಬಣ್ಣ ಅವರ ಚರ್ಮಕ್ಕೂ ಹತ್ತಿ ವರ್ಷಗಳೇ ಆಗಿದ್ದವು. ಸೊಸೆ ಮೊದಲು ತನ್ನ ಕೈ ಉಜ್ಜಿಕೊಂಡಳು. ಆಮೇಲೆ ಅತ್ತೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರಿನ ಸಂದಿಗೆ ಸೀಮೆಎಣ್ಣೆ ಬಟ್ಟೆ ಆಡಿಸಿದಳು. ನೀರು ಗುಲಾಬಿಯಾಗಿ ಹರಿಯಿತು. ಕೈ ಮಾತ್ರ ಹಾಗೆಯೇ ಇತ್ತು.

"ಇನ್ನೂ ಆಗಿಲ್ವೇನ್ರೇ?" ಎನ್ನುತ್ತ ಬಂದವನು ಇಲಾಖೆಯ ಚಿಕ್ಕ ಸಾಹೇಬ. ಕನ್ನಡಕವನ್ನು ಹಣೆಗೇರಿಸಿ ಅವರ ಕೈ ನೋಡಿದ. "ಥೂ! ಮದುಮಗಳಿಗೆ ಬಣ್ಣ ಹಚ್ಚಿದ ಹಾಗಿದೆ. ಸದನದಲ್ಲಿ ದೊಡ್ಡವರ ಕಣ್ಣಿಗೆ ಬಿದ್ರೆ ಇಲಾಖೆ ಮರ್ಯಾದೆ ಏನಾಗ್ಬೇಕು?"

"ಇಲಾಖೆ ಕೊಟ್ಟ ಬಣ್ಣಾನೇ ಸ್ವಾಮಿ. ನಮ್ಮಪ್ಪನ ಮನೆಯಿಂದ ತಂದಿದ್ದಲ್ಲ," ಎಂದಳು ಅತ್ತೆ.

"ಬಾಯಿ ಮುಚ್ಚು ಮುಂಡೇದೆ. ಅಲ್ಲಿ ಬಂದು ಹಿಂಗೇ ಬಾಯಿ ಬಿಟ್ರೆ ಚರ್ಮ ಸುಲೀತಾರೆ."

"ಸುಲೀಲಿ ಬಿಡಿ. ಬಣ್ಣಾನಾದ್ರೂ ಹೋಗುತ್ತೆ."

ಹೆಂಗಸರು ನಕ್ಕರು. ಸೊಸೆ ನಗಲಿಲ್ಲ. ಅವಳದು ಮೊದಲಿನಿಂದಲೂ ನೋಡುವ ಸ್ವಭಾವ, ಆಡುವ ಸ್ವಭಾವವಲ್ಲ. ಸಾಹೇಬನ ಸಿಟ್ಟಿನ ಕಣ್ಣು ಅತ್ತೆಯ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅವಳು ನೋಡುತ್ತಿದ್ದಳು.

ಅಂದು ಶಾಸನಸಭೆಯಲ್ಲಿ ಕೃಷಿ ಇಲಾಖೆಯ ವರ್ಷದ ಖರ್ಚಿಗೆ ಒಪ್ಪಿಗೆ ಸಿಗಬೇಕಿತ್ತು. ಆ ಶುಭಸಂದರ್ಭವನ್ನು ಪ್ರೇಕ್ಷಕರ ಮೇಲಿನ ಸಾಲುಗಳಲ್ಲಿ ಕೂತು ಕಣ್ತುಂಬ ನೋಡಲು ರೈತರು ಬೇಕೆಂದು ಮಂತ್ರಿಯ ಕಚೇರಿಯಿಂದ ಹುಕುಂ ಬಂದಿತ್ತು. ರೈತರು ಸಿಗಲಿಲ್ಲ. ಬಿತ್ತನೆಯ ಕಾಲದಲ್ಲಿ ಹೊಲ ಬಿಟ್ಟು ಬಂದು ಭಾಷಣ ಕೇಳುವಷ್ಟು ದಡ್ಡರು ಅವರಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಇಲಾಖೆ ತನ್ನದೇ ತೋಟದ ಕೂಲಿಗಳಿಗೆ ಒಂದು ದಿನದ ಮಟ್ಟಿಗೆ ರೈತರೆಂದು ಬಡ್ತಿ ಕೊಟ್ಟಿತು. ಬಡ್ತಿಯ ಗುರುತಿಗೆ ತಲೆಗೊಂದು ಹಳದಿ ಟೋಪಿ. ಅದರ ಮೇಲೆ "ಅನ್ನದಾತ" ಎಂದು ಬರೆದಿತ್ತು.

"ಟೋಪಿ ಹಾಕೋದ್ರಲ್ಲಿ ಈ ಇಲಾಖೇದು ಎತ್ತಿದ ಕೈ ಕಣೆ," ಎಂದಳು ಪಕ್ಕದ ಮನೆಯ ದೊಡ್ಡಮ್ಮ, ಬೀಜದ ಧೂಳು ಕೂತ ಎದೆಯಿಂದ ಕೆಮ್ಮುತ್ತ.

ಆದರೂ ಎಲ್ಲರೂ ಬಸ್ಸು ಹತ್ತಿದರು. ಕಾರಣ ಸಾಲುಮನೆ. ತೋಟದ ಅಂಚಿನಲ್ಲಿ ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಆ ತಗಡಿನ ಮನೆಗಳ ಮುಂದೆ ಯಾರೋ ಬಂದು ಅಳತೆ ಹಾಕಿ ಗೂಟ ಹೊಡೆದು ಹೋಗಿದ್ದರು. ಒಂದು ಗೂಟ ಅತ್ತೆಯ ಹೊಸ್ತಿಲಿಗೇ ತಾಗಿತ್ತು. ಅವಳು ಅದಕ್ಕೆ ಕೋಳಿ ಕಟ್ಟುತ್ತಿದ್ದಳು. ಯಾಕೆ ಗೂಟ ಎಂದು ಕೇಳಿದರೆ ತೋಟದ ಮೇಸ್ತ್ರಿ ಆಕಾಶ ತೋರಿಸಿದ್ದ. ನಿನ್ನೆ ಮಾತ್ರ ಬಾಯಿ ಬಿಟ್ಟಿದ್ದ: "ನಿಮ್ಮ ಮನೆ ವಿಷಯ ನಾಳೆ ಮಂತ್ರಿಗಳೇ ಹೇಳ್ತಾರಂತೆ. ನಿಮ್ಮ ಕಿವಿಯಾರೆ ಕೇಳ್ಕೊಳ್ಳಿ."

ಅತ್ತೆ ಆ ಮನೆಗೆ ಸೊಸೆಯಾಗಿ ಬಂದವಳು. ಅಲ್ಲೇ ಹೆತ್ತಳು, ಅಲ್ಲೇ ಗಂಡನ ಹೆಣ ಎತ್ತಿಸಿದಳು. ಕೆಲಸ ಹೋದರೆ ಮನೆ ಹೋಗುತ್ತಿತ್ತು, ಮನೆ ಹೋದರೆ ಕೆಲಸಕ್ಕೆ ಬರಲು ದಾರಿಯಿರಲಿಲ್ಲ. ಹಾಗೆಂದೇ ಅವಳು ಕೈ ತಿಕ್ಕಿಸಿಕೊಂಡು, ಟೋಪಿ ಹಾಕಿಕೊಂಡು, ಕಿವಿಯನ್ನೂ ಚೆನ್ನಾಗಿ ತೊಳೆದುಕೊಂಡು ಬಂದಿದ್ದಳು.

ಶಾಸನಸಭೆಯ ಬಾಗಿಲಲ್ಲಿ ಕಾವಲುಗಾರ ಟೋಪಿಗಳನ್ನೆಲ್ಲ ಕಿತ್ತುಕೊಂಡು ಮೂಲೆಗೆ ರಾಶಿ ಹಾಕಿದ. ಬರಹ ಇರುವ ಯಾವುದನ್ನೂ ಒಳಗೆ ಬಿಡುವಂತಿರಲಿಲ್ಲ. ಹೀಗೆ ಅನ್ನದಾತರು ಹೊಸ್ತಿಲಲ್ಲೇ ಬಡ್ತಿ ಕಳೆದುಕೊಂಡು ಮತ್ತೆ ಕೂಲಿಗಳಾಗಿ ಮೆಟ್ಟಿಲು ಹತ್ತಿದರು.

"ಮಾತಾಡ್ಬಾರ್ದು. ಕೆಮ್ಮಬಾರ್ದು. ಕಾಲ ಮೇಲೆ ಕಾಲು ಹಾಕ್ಬಾರ್ದು. ಚಪ್ಪಾಳೆ ತಟ್ಟಬಾರ್ದು. ಏಳಬಾರ್ದು," ಎಂದು ಕಾವಲುಗಾರ ಒಪ್ಪಿಸಿದ.

"ಉಸಿರಾಡ್ಬೋದಾ ಅಣ್ಣ?" ಅತ್ತೆ ಕೇಳಿದಳು.

"ನಿಧಾನಕ್ಕೆ."

"ತಪ್ಪು ಕಂಡ್ರೆ ಯಾರಿಗೆ ಹೇಳ್ಬೇಕು?"

ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಯಾರಿಗೂ ಹೇಳ್ಬಾರ್ದು."

ಅತ್ತೆಯ ಪ್ರಶ್ನೆ ಕುಚೋದ್ಯದ್ದಲ್ಲ. ತಪ್ಪು ಕಂಡರೆ ಹೇಳುವುದು ಬೀಜದ ತೋಟದಲ್ಲಿ ಹೆಂಗಸರಿಗೆ ಇದ್ದ ಒಂದೇ ಒಂದು ಅಧಿಕಾರ. ಆರಿಸಿದ ಬೀಜವನ್ನು ಚೀಲಕ್ಕೆ ತುಂಬಿ, ಮೇಸ್ತ್ರಿ ದಬ್ಬಳಕ್ಕೆ ಹುರಿ ಪೋಣಿಸಿ, "ಯಾರದಾದ್ರೂ ತಕರಾರು ಇದೆಯೇನ್ರೇ?" ಎಂದು ಕೂಗಬೇಕು. ಜೊಳ್ಳು, ಕಲ್ಲು, ಕಳೆಯ ಬೀಜ ಕಂಡವಳು "ಸುರಿ!" ಎಂದರೆ ಮುಗಿಯಿತು. ದಬ್ಬಳ ಅರ್ಧ ಹೊಲಿಗೆಯಲ್ಲಿದ್ದರೂ ಚೀಲ ಬಿಚ್ಚಿ ಕಣಕ್ಕೆ ಸುರಿಯಲೇಬೇಕು. ಸುರಿಯದೆ ಕಳಿಸಿದ ಚೀಲ ಹೊಲದಲ್ಲಿ ಮೊಳೆಯದೇ ಹೋದರೆ ಮೊದಲು ಹೋಗುವುದು ಮೇಸ್ತ್ರಿಯ ತಲೆ. ಅದಕ್ಕೇ ಅವನು ಹಲ್ಲು ಕಡಿದುಕೊಂಡಾದರೂ ಸುರಿಯುತ್ತಿದ್ದ. ದಿನವಿಡೀ ಬೈಸಿಕೊಂಡ ಹೆಂಗಸರು ಆ ಒಂದು ಗಳಿಗೆಯಲ್ಲಿ ಅವನನ್ನು ತಿರುಗಿ ಬೈದರೂ ನಡೆಯುತ್ತಿತ್ತು.

ಸದನ ತಂಪಾಗಿತ್ತು. ಮೆತ್ತನೆಯ ಕುರ್ಚಿಗಳಲ್ಲಿ ಹೆಚ್ಚಿನವು ಖಾಲಿ. ಸಭೆ ನಡೆಸಲು ಜನ ಸಾಲದೆ ಗಂಟೆ ಬಾರಿಸಿದರು. ತುಂಬ ಹೊತ್ತು ಬಾರಿಸಿದ ಮೇಲೆ ಸದಸ್ಯರು ಬಾಯಿ ಒರೆಸಿಕೊಳ್ಳುತ್ತ ಒಬ್ಬೊಬ್ಬರಾಗಿ ಬಂದು ಕೂತರು. ಅವರಲ್ಲೊಬ್ಬ ಕೂತವನೇ ಕಣ್ಣು ಮುಚ್ಚಿದ.

ಮಂತ್ರಿ ಎದ್ದು, ಹಿಂದೆ ನಾಯಿ ಬಿದ್ದವನ ಹಾಗೆ ಓದತೊಡಗಿದ. ರೈತನೇ ನಾಡಿನ ಬೆನ್ನೆಲುಬು ಎಂದ.

"ಅದಕ್ಕೇ ಎಲ್ರೂ ಬೆನ್ನು ಹತ್ತೋದು," ಎಂದು ದೊಡ್ಡಮ್ಮ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿ, ಬಂದ ಕೆಮ್ಮನ್ನು ಬಟ್ಟೆ ತುರುಕಿ ನುಂಗಿದಳು.

ಮಂತ್ರಿ ಹಾಳೆ ಮಗುಚಿದ. ರೈತರ ಗೌರವಾರ್ಥ ಒಂದು ಭವ್ಯ ರೈತಸೌಧ ಕಟ್ಟಲಾಗುವುದು. ಅಮೃತಶಿಲೆಯ ನೆಲ, ಸಭಾಂಗಣ, ಅತಿಥಿಗಳಿಗೆ ಕೋಣೆಗಳು, ಬಾಗಿಲಲ್ಲಿ ನೇಗಿಲು ಹೊತ್ತ ರೈತನ ಕಂಚಿನ ಮೂರ್ತಿ. ಜಾಗದ ಚಿಂತೆಯಿಲ್ಲ. ಇಲಾಖೆಯ ಬೀಜದ ತೋಟವನ್ನು ಮುಚ್ಚಲಾಗುವುದು, ಅದರ ಅಂಚಿನಲ್ಲಿರುವ ಖಾಲಿ ಜಾಗವನ್ನೂ ಸೇರಿಸಿಕೊಳ್ಳಲಾಗುವುದು.

ಮೇಜುಗಳನ್ನು ಕುಟ್ಟಿದರು.

"ಏನಂದ?" ಅತ್ತೆ ಸೊಸೆಯ ಮೊಣಕೈ ಹಿಡಿದಳು. "ಖಾಲಿ ಅಂದ್ನಾ?"

ಸೊಸೆ ಹೌದೆಂದು ತಲೆಯಾಡಿಸಿದಳು.

"ನಾವು ಹಾಳಾಗಿಹೋಗ್ಲಿ. ನನ್ನ ಕೋಳೀನೂ ಕಾಣಲಿಲ್ವಾ ಅವನಿಗೆ?"

ಅಷ್ಟರಲ್ಲಿ ಎದುರು ಪಕ್ಷದ ಮುಖಂಡ ಎದ್ದು ನಿಂತಿದ್ದ. ಎಂಥ ದನಿ! ಇಲಾಖೆ ರೈತರ ಕತ್ತು ಕೊಯ್ಯುತ್ತಿದೆ ಎಂದ. ಅತ್ತೆ ಮುಂದಕ್ಕೆ ಬಾಗಿದಳು. ಇದು ದ್ರೋಹ ಎಂದ. ಅತ್ತೆಯ ಕಣ್ಣಲ್ಲಿ ನೀರು ಬಂತು. ಈ ದ್ರೋಹಕ್ಕೆ ತನ್ನ ಉಗ್ರ ವಿರೋಧ ದಾಖಲಿಸಲು ಇಲಾಖೆಯ ಹಣದಲ್ಲಿ ಒಂದು ರೂಪಾಯಿ ಕಡಿಮೆ ಮಾಡಬೇಕೆಂದು ಸೂಚನೆ ಮಂಡಿಸಿದ. ಅದು ಅಲ್ಲಿಯ ಪದ್ಧತಿ. ಸಿಟ್ಟು ಎಷ್ಟೇ ಇರಲಿ, ಅದರ ಬೆಲೆ ಒಂದೇ ರೂಪಾಯಿ.

"ಒಂದ್ರೂಪಾಯಿಗಾ ಇಷ್ಟು ಬಾಯಿ ಬಡ್ಕೊಂಡಿದ್ದು?" ಅತ್ತೆ ಕಣ್ಣೊರೆಸಿಕೊಂಡಳು.

ಸೌಧ ತನ್ನ ಊರಲ್ಲಿ ಕಟ್ಟುತ್ತಿಲ್ಲ ಎಂಬುದು ಅವನ ದುಃಖ ಎಂದು ಆಮೇಲೆ ಗೊತ್ತಾಯಿತು. ಸಾಲುಮನೆಯ ಹೆಸರು ಅವನ ಬಾಯಲ್ಲೂ ಬರಲಿಲ್ಲ. ಕೊನೆಗೆ ಅವನು ಹಾಳೆಗಳನ್ನು ಗಾಳಿಗೆ ತೂರಿ, ತನ್ನವರನ್ನೆಲ್ಲ ಕಟ್ಟಿಕೊಂಡು ಪ್ರತಿಭಟಿಸಿ ಹೊರನಡೆದ. ಬಾಗಿಲು ತೆರೆದಾಗ ಕ್ಯಾಂಟೀನಿನ ಕರಿದ ತಿಂಡಿಯ ವಾಸನೆ ಒಳಗೆ ಬಂತು.

ಸಭಾಧ್ಯಕ್ಷ ಇದಕ್ಕೇ ಕಾಯುತ್ತಿದ್ದವನ ಹಾಗೆ ಕನ್ನಡಕ ಸರಿಮಾಡಿಕೊಂಡ. ಒಂದು ರೂಪಾಯಿಯ ಸಿಟ್ಟು ಬಿದ್ದುಹೋಯಿತು, ಸಿಟ್ಟಾದವನು ತಿಂಡಿಗೆ ಹೋಗಿದ್ದನಲ್ಲ.

"ಕೃಷಿ ಇಲಾಖೆಯ ಖರ್ಚಿನ ಬೇಡಿಕೆಯನ್ನು ಮತಕ್ಕೆ ಹಾಕುತ್ತೇನೆ. ಪರವಾಗಿರುವವರು ಹೌದು ಎನ್ನಿ."

"ಹೌದು." ನಿದ್ದೆಯಲ್ಲಿದ್ದವನೂ ಎಂದ, ಕಣ್ಣು ತೆರೆಯದೆ.

"ವಿರೋಧವಾಗಿರುವವರು?"

ಯಾರೂ ಇರಲಿಲ್ಲ. ಸೊಸೆ ಪಕ್ಕಕ್ಕೆ ತಿರುಗುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದಳು. ತಕರಾರು ಇದೆಯೇ ಎಂದು ಒಬ್ಬ ಕೇಳಿದ್ದ. ಇತ್ತು. ಕೇಳಿದ ಮೇಲೆ ಹೇಳಬಾರದು ಎಂಬುದು ಅವಳು ದುಡಿದ ಯಾವ ಕಣದಲ್ಲೂ ಇರಲಿಲ್ಲ.

"ತಡೀ! ಸುರೀ!" ದಿನವೂ ಮೇಸ್ತ್ರಿಗೆ ಕೂಗುವ ಅದೇ ದನಿ, ಅದೇ ಮಾತು. "ಚೀಲ ಸುರಿಯೋ ಬೋಳಿಮಗನೆ! ಹೊಲೀಬೇಡ!"

ಕೆಳಗೆ ತಲೆಗಳೆಲ್ಲ ಮೇಲಕ್ಕೆ ತಿರುಗಿದವು. ನಿದ್ದೆಯವನು ಎಚ್ಚರಗೊಂಡು ಗಾಬರಿಯಲ್ಲಿ ಇನ್ನೊಮ್ಮೆ "ಹೌದು" ಎಂದ.

"ಖಾಲಿ ಜಾಗ ಅಲ್ಲ ಅದು! ಮನೆ ಇದಾವೆ ಅಲ್ಲಿ! ಜನ ಇದೀವಿ!"

"ಮೇಲಿನ ಸಾಲುಗಳಿಂದ ಬಂದ ಮಾತು ಕಡತಕ್ಕೆ ಹೋಗತಕ್ಕದ್ದಲ್ಲ," ಎಂದ ಸಭಾಧ್ಯಕ್ಷ. ಅದೇ ಉಸಿರಿನಲ್ಲಿ, "ಅಂಗೀಕರಿಸಲಾಗಿದೆ."

ಗದ್ದಲ ಕೇಳಿ ಕ್ಯಾಂಟೀನಿನಿಂದ ಎದುರು ಪಕ್ಷದವರೆಲ್ಲ ಓಡಿ ಬಂದರು. ಸದನಕ್ಕೆ ಅವಮಾನವಾಗಿದೆ ಎಂದು ಮಂತ್ರಿ ಕೂಗಿದ. ಹೌದು, ಘೋರ ಅವಮಾನ ಎಂದು ಮುಖಂಡ ಕೂಗಿದ. ಆ ಅಧಿವೇಶನದಲ್ಲಿ ಅವರಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

ಕೆಳಗಿನ ಒಂದು ಕೋಣೆಗೆ ಅತ್ತೆಯನ್ನು ಎಳೆದುಕೊಂಡು ಬಂದರು. ಸೊಸೆಯೂ ಹಿಂದೆಯೇ ಬಂದಳು. ಮೇಜಿನ ಹಿಂದೆ ಕಾವಲುಪಡೆಯ ದೊರೆ ಕೂತಿದ್ದ. ಚಿಕ್ಕ ಸಾಹೇಬ ನಿಂತಲ್ಲೇ ಬೆವರುತ್ತಿದ್ದ.

"ನನ್ನ ಅನ್ನಕ್ಕೆ ಮಣ್ಣು ಹಾಕಿದ್ಯಲ್ಲೇ ಹಲ್ಕಾ ಮುಂಡೆ!"

"ನಾನೆಲ್ಲಿ ಹಾಕ್ದೆ? ಅವರು ಕೇಳಿದ್ರು, ಹೇಳ್ದೆ."

"ನಿನ್ನನ್ನ ಕೇಳಿದ್ದಲ್ಲ ಅದು!"

"ಮತ್ತೆ ಯಾರನ್ನ? ಬೇಡ ಅನ್ನೋಕೆ ಕೆಳಗೆ ಯಾರಿದ್ರು?"

ಕಾವಲು ದೊರೆ ಬೇಸರದಿಂದ ಆಕಳಿಸಿದ. "ನೋಡಿ, ಎರಡೇ ದಾರಿ. ಬುದ್ಧಿ ಸರಿಯಿದ್ದು ಕೂಗಿದ್ರೆ ಸದನದ ಗೌರವಕ್ಕೆ ಧಕ್ಕೆ, ಜೈಲು. ಹುಚ್ಚಿ ಅಂತಾದ್ರೆ ಎಚ್ಚರಿಕೆ ಕೊಟ್ಟು ಬಿಟ್ಬಿಡೋಣ. ಮನೆಯವರು ಹೇಳ್ಬೇಕು."

ಸಾಹೇಬನಿಗೆ ಜೀವ ಬಂತು. ಸೊಸೆಯ ಕಡೆ ತಿರುಗಿದ. ದನಿ ಬೆಣ್ಣೆಯಾಗಿತ್ತು. "ನೀನು ಹೇಳಮ್ಮ. ನೀನು ಮಾತು ಕಮ್ಮಿ, ಒಳ್ಳೆ ಹುಡುಗಿ. ಅತ್ತೆಗೆ ತಲೆ ಕೆಟ್ಟಿದೆ ಅಂತ ಒಂದೇ ಮಾತು ಹೇಳ್ಬಿಡು. ಇನ್ನೊಂದು ತೋಟದಲ್ಲಿ ನಿಂಗೆ ಕೆಲಸ ಕೊಡಿಸೋದು ನನ್ನ ಜವಾಬ್ದಾರಿ."

"ಮನೆ?"

"ಅದು ಆಗೋಯ್ತಲ್ಲಮ್ಮ. ನಿನ್ನ ಕಣ್ಣೆದುರಿಗೇ ಒಪ್ಪಿದ್ರು."

ಅತ್ತೆ ಸೊಸೆಯ ಮುಖ ನೋಡಿದಳು. "ಹೇಳ್ಬಿಡೇ ಮಗಳೇ. ಹುಚ್ಚಿ ಅನ್ನು. ಈ ವಯಸ್ಸಲ್ಲಿ ನನ್ನನ್ನೇನು ಹೆಣ್ಣು ನೋಡೋಕೆ ಬರ್ತಾರಾ?"

ಅವಳ ತೋಳಿನ ಮೇಲೆ ಕಾವಲುಗಾರರ ಬೆರಳಿನ ಗುರುತು ಎದ್ದಿತ್ತು. ಸೊಸೆ ಆ ತೋಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನಮ್ಮತ್ತೆ ಬುದ್ಧಿ ಸರಿಯಾಗಿದೆ," ಎಂದಳು.

"ಏಯ್, ಯೋಚನೆ ಮಾಡಿ ಮಾತಾಡು!" ಬೆಣ್ಣೆ ಕರಗಿಹೋಗಿತ್ತು. "ಜೈಲಿಗೆ ಹೋಗ್ತಾಳೆ ಆ ಮುದುಕಿ!"

"ಅವರು ಕೂಗದಿದ್ರೆ ನಾನು ಕೂಗ್ತಿದ್ದೆ. ನನ್ನ ಹೆಸರನ್ನೂ ಸೇರಿಸ್ಕೊಳ್ಳಿ."

ಕಾವಲು ದೊರೆ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ಅಷ್ಟು ಜನ ತನ್ನನ್ನೇ ನೋಡುವುದು ಸೊಸೆಗೆ ಅಭ್ಯಾಸವಿರಲಿಲ್ಲ. ಆದರೂ ಅವಳು ಮೇಜಿನ ಹತ್ತಿರಕ್ಕೆ ಹೋಗಿ, ಅದರ ಅಂಚಿಗೆ ಕೈಯೂರಿ ನಿಂತಳು.

"ಸೌಧ ಕಟ್ಕೊಳ್ಳಿ ಸ್ವಾಮಿ. ಸಾಲುಮನೆ ಒಂದನ್ನ ಬಿಟ್ಟು ಕಟ್ಕೊಳ್ಳಿ."

ಸಾಹೇಬ ಗೋಡೆ ನೋಡಿದ. ಕಾವಲು ದೊರೆ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ.

"ಆ ಸಾಲುಮನೆ ಒಂದನ್ನ ಬಿಟ್ಬಿಡಿ," ಎಂದಳು ಸೊಸೆ ಇನ್ನೊಮ್ಮೆ.