ಮುಂದಿನ ಸೀಟಿನ ಪೆಟ್ಟಿಗೆ

ನಮ್ಮ ಮನೆಯವರು, ಮೊಂಜಿ, ಸ್ಫಾಕ್ಸ್ ಪಟ್ಟಣದಿಂದ ಗಾಬೆಸಿಗೆ ಜನರನ್ನು ಒಯ್ಯುವ ಬಾಡಿಗೆ ವ್ಯಾನು ಓಡಿಸುತ್ತಾರೆ. ಹೋದ ಚಳಿಗಾಲದಲ್ಲಿ ಇಂಜಿನ್ ಚಾಲೂ ಮಾಡುವ ಬೀಗ ಸವೆದುಹೋಗಿ ಹೊಸದು ಹಾಕಿಸಿದರು. ಹಳೆಯ ಕೀಗೆ ಉಳಿದದ್ದು ಒಂದೇ ಕೆಲಸ, ಮುಂದಿನ ಸೀಟಿನೆದುರಿನ ಪೆಟ್ಟಿಗೆ ತೆಗೆಯುವುದು. ಅದನ್ನು ಅವರು ಪದೇಪದೇ ಕಳೆದು ಹುಡುಕುವುದನ್ನು ನೋಡಲಾರದೆ ನಾನೇ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ.

ಅಂದಿನಿಂದ ಬೆಳಿಗ್ಗೆ ನಾನು ಕೆಳಗಿಳಿದು ಪೆಟ್ಟಿಗೆ ತೆಗೆದು ಗಾಡಿಯ ಕಾಗದ ಅವರ ಕೈಗಿಡುವುದು, ಸಂಜೆ ಅವರು ಹಾರ್ನ್ ಹೊಡೆದಾಗ ಮತ್ತೆ ಇಳಿದು ಒಳಗಿಟ್ಟು ಬೀಗ ಹಾಕುವುದು. ಬೀಗ ಹಾಕಲು ಎಷ್ಟು ಹೊತ್ತು ಬೇಕು? ಆದರೂ ಸಂಜೆ ಮುಂದಿನ ಸೀಟಿನಲ್ಲಿ ಕೂತೇಬಿಡುತ್ತಿದ್ದೆ. ಮೇಲೆ ಮನೆಯಲ್ಲಿ ಸೊಸೆ, ಮೊಮ್ಮಕ್ಕಳು, ಟಿವಿ. ಇಲ್ಲಿ ನಾವಿಬ್ಬರೇ. ಯಾವ ಮುದುಕಿ ಬುಟ್ಟಿಯಲ್ಲಿ ಮೊಲ ಅಡಗಿಸಿ ತಂದಳು, ಯಾರು ದಾರಿಯುದ್ದಕ್ಕೂ ಮಾವನನ್ನು ಬೈದರು, ಎಲ್ಲ ಹೇಳುವರು. ನಾನು ಸೂರ್ಯಕಾಂತಿ ಬೀಜ ಸುಲಿದು ಕೊಡುವೆ.

ಒಂದು ದಿನ ಅದೇ ದಾರಿಯ ಮಹ್ರೆಸ್ ಊರಿನಲ್ಲಿರುವ ನನ್ನ ತಂಗಿಗೆ ಹುಷಾರಿಲ್ಲವೆಂದು ನಾನು ಮೊದಲ ಬಸ್ಸಿಗೇ ಹೋಗಿಬಿಟ್ಟೆ, ಕೀ ಕೊರಳಲ್ಲೇ, ಕಾಗದ ಪೆಟ್ಟಿಗೆಯೊಳಗೇ. ಅವತ್ತೇ ಪೊಲೀಸರು ದಾರಿಯಲ್ಲಿ ಕಾಗದ ಕೇಳಬೇಕೆ! ಇನ್ನೊಬ್ಬ ಚಾಲಕ ತಂಗಿಯ ಮನೆಗೆ ಬಂದು ಕೀ ಒಯ್ದು ಕೊಡುವವರೆಗೆ ಪ್ರಯಾಣಿಕರೆಲ್ಲ ಆಲಿವ್ ಮರದ ನೆರಳಲ್ಲಿ ಕೂತಿದ್ದರಂತೆ. ಸ್ಟ್ಯಾಂಡಿನಲ್ಲಿ ಅವರಿಗೀಗ ಹೊಸ ಹೆಸರು: ಹೆಂಡತಿ ಬೀಗ ಹಾಕಿಟ್ಟ ಮೊಂಜಿ.

ಪೆಟ್ಟಿಗೆಗೂ ಹೊಸ ಕೀಯೇ ಹೊಂದುವಂತೆ ಮಾಡಿಸುತ್ತೇನೆ ಎಂದರು. ನ್ಯಾಯವಾದ ಮಾತೇ. ನನ್ನ ಸಂಜೆಯ ನೆಪ ಹೋಗುತ್ತದೆ ಎಂದು ಈ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ?

ಬೀಗ ರಿಪೇರಿಯ ಬೆಚೀರನ ಅಂಗಡಿಗೆ ನಾನೂ ಹೋದೆ. ಅವನು ಬೀಗದ ತಿರುಳನ್ನು ಎಳೆದು ತೆಗೆದ. ಉಗುರಿನಷ್ಟು ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳು ಸಾಲಾಗಿದ್ದವು. ಹೊಸ ಕೀ ತೂರಿಸಿದಾಗ ಕೆಲವು ಒಳಗೆ ಅಡಗಿದವು, ಕೆಲವು ತಲೆ ಹೊರಗೆ ಹಾಕಿ ನಿಂತವು. ತಲೆ ಹಾಕಿದವನ್ನು ಕಿತ್ತು ಬೇರೆ ಕೂರಿಸಿದ. ಕೀ ಸಲೀಸಾಗಿ ತಿರುಗಿತು. ನನ್ನ ಕೊರಳಿನದನ್ನು ಈಸಿಕೊಂಡು ಗುಜರಿ ಡಬ್ಬಕ್ಕೆ ಎಸೆದ.

ಮೊಂಜಿ ಡಬ್ಬ ತಡಕಾಡಿ ಅದನ್ನು ಹೆಕ್ಕಿದರು.

“ಇದು ಇನ್ಮೇಲೆ ತಿರುಗಲ್ವಾ?”

“ನೀನೇ ತಾನೇ ಬದಲಾಯಿಸು ಅಂದಿದ್ದು?” ಎಂದ ಬೆಚೀರ್.

“ನನ್ನ ಕೀ ತಿರುಗಬೇಕು ಅಂದೆ. ಇವಳದ್ದು ತಿರುಗಬಾರದು ಅಂದ್ನೇನಯ್ಯಾ?”

ಬೆಚೀರ್ ಒಮ್ಮೆ ಇವರ ಮುಖ ನೋಡಿದ, ನನ್ನ ಮುಖ ನೋಡಿದ. ಎರಡೂ ಕೀಗೆ ಒಪ್ಪುವ ಬಿಲ್ಲೆಗಳನ್ನಷ್ಟೇ ಉಳಿಸಿ ಮಿಕ್ಕವನ್ನು ತೆಗೆದರೆ ಎರಡೂ ತಿರುಗುತ್ತವೆ, ಆದರೆ ಬೀಗ ಸಡಿಲವಾಗುತ್ತದೆ, ಕಳ್ಳನಿಗೆ ಸುಲಭ ಎಂದ.

“ಕಳ್ಳನಿಗೆ ಸಿಗೋದು ಬೀಜದ ಸಿಪ್ಪೆ. ಮಾಡಯ್ಯಾ ನೀನು.”

ಮರುದಿನ ಬೆಳಿಗ್ಗೆ ಅವರೇ ಪೆಟ್ಟಿಗೆ ತೆರೆದು ಕಾಗದ ತೆಗೆದುಕೊಂಡು ಹೊರಟುಹೋದರು. ಸಂಜೆ ಹಾರ್ನ್ ಕೇಳಿಸಿತು. ಅಭ್ಯಾಸಬಲ ಇರಬೇಕು ಎಂದುಕೊಂಡೇ ಇಳಿದೆ. ಇಂಜಿನ್ ನಿಲ್ಲಿಸಿ, ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊಸ ಕೀ ಬೆರಳಲ್ಲೇ ತೂಗುತ್ತಿತ್ತು.

“ನಿಮ್ಮ ಹತ್ರಾನೇ ಇದೆಯಲ್ಲ ಕೀ,” ಎಂದೆ.

“ಇದು ಪೊಲೀಸರಿಗೆ ಕಣೇ. ಹತ್ತು, ಕೂತ್ಕೋ. ಇವತ್ತು ಒಬ್ಬಳು ಹುಂಜ ತಂದಿದ್ಲು...”

ನಾನು ಹತ್ತಿ ಕೂತು, ಕೊರಳಿನ ದಾರದ ಕೀ ಹೊರಗೆಳೆದುಕೊಂಡೆ.